ಸಿನಿಮಾಕ್ಕಿಂತ ಮೊದಲು ಕಂಪನಿ

(ವಿಜಯಪುರದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ನಮ್ಮ ಸಿನಿಮಾ ಗುಂಪಿನ ಪರವಾಗಿ ಆಡಿದ ಮಾತುಗಳ ಬರಹ ರೂಪ)



'ಸಿನಿಮಾ ಮಾಡುವುದು ಹೇಗೆ' ಎಂಬುದರ ಮೇಲೆ ಮಾತಾಡಿರಿ ಎಂದು ನಮ್ಮನ್ನು ಕರೆದಿದ್ದೀರಿ. ಆ ವಿಷಯ ಹೇಳಿಕೊಡಲಿಕ್ಕೆ ಈಗ ಜನಕ್ಕೆ ಬರವಿಲ್ಲ. ಕೈಯಾಗಿನ ಮೊಬೈಲಿನಲ್ಲೇ ನೂರು ಮಂದಿ ಮಾಸ್ತರರು ಕೂತಿದ್ದಾರೆ. ಕ್ಯಾಮೆರಾ ಹೆಂಗ ಹಿಡೀಬೇಕು, ಲೈಟು ಎಲ್ಲಿ ಇಡಬೇಕು, ಎಡಿಟಿಂಗ್ ಹೆಂಗ ಮಾಡಬೇಕು, ಎಲ್ಲ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಯಾರೂ ಹೇಳಿಕೊಡದ ಸಂಗತಿ ಒಂದಿದೆ. ಮಾಡಿದ ಸಿನಿಮಾ ಯಾರದು? ಅದರ ಬಗ್ಗೆ ಮಾತಾಡುತ್ತೇವೆ. ಕೊನೆಗೆ ನಿಮ್ಮ ಮುಂದೆ ಒಂದು ಪ್ರಶ್ನೆಯನ್ನೂ ಇಡುತ್ತೇವೆ. ನಾವು ಬಂದಿರುವುದು ಮುಖ್ಯವಾಗಿ ಆ ಪ್ರಶ್ನೆಗಾಗಿ.

ಕಾನೂನಿನಿಂದ ಶುರು ಮಾಡೋಣ. ಕಾನೂನು ಅಂದರೆ ನಿದ್ದೆ ಬರುತ್ತದೆ ಎನ್ನುವವರು ಇದೊಂದು ಹತ್ತು ನಿಮಿಷ ತಡಕೊಳ್ಳಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಸಿನಿಮಾದ ಮೊದಲ ಒಡೆಯ ನಿರ್ಮಾಪಕ. ಕತೆ ಬರೆದವನಲ್ಲ, ನಿರ್ದೇಶಕನಲ್ಲ, ಬಿಸಿಲಲ್ಲಿ ನಿಂತು ನಟಿಸಿದವಳೂ ಅಲ್ಲ. ಸಿನಿಮಾ ತೆಗೆಯುವ ಕೆಲಸಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನನ್ನು ಕಾಯ್ದೆ ನಿರ್ಮಾಪಕ ಎನ್ನುತ್ತದೆ. ಆ ಹಕ್ಕು ಸಿನಿಮಾ ಹೊರಬಂದ ಮೇಲೆ 60 ವರ್ಷ ನಡೆಯುತ್ತದೆ. 2012ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಕತೆ-ಹಾಡು ಬರೆದವರಿಗೂ ಸಂಗೀತ ಮಾಡಿದವರಿಗೂ ರಾಯಲ್ಟಿಯಲ್ಲಿ ಪಾಲು ಉಳಿಯಿತು; ಅದನ್ನು ಮುಂಚೆಯೇ ನಿರ್ಮಾಪಕನಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಅದು ಒಳ್ಳೆಯದೇ ಆಯಿತು. ಆದರೆ ಸಿನಿಮಾ ಎನ್ನುವ ಇಡೀ ವಸ್ತು ನಿರ್ಮಾಪಕನದೇ.

ಇದರ ಅರ್ಥ ಏನು ನೋಡ್ರಿ. ನಿಮ್ಮ ಓಣಿಯ ಕತೆ, ನಿಮ್ಮ ಅವ್ವ ಹೇಳಿದ ಮಾತು, ನಿಮ್ಮ ಕಾಕಾ ಬಾರಿಸಿದ ಹಲಗಿ, ನಿಮ್ಮ ತಂಗಿಯ ಮುಖ, ಇವೆಲ್ಲ ತೆರೆಯ ಮೇಲೆ ಬಂದವು. ದುಡ್ಡು ತಂದವನ ಹೆಸರು 'ನಿರ್ಮಾಪಕ' ಎಂದು ಬಿತ್ತು. ಮುಂದಿನ 60 ವರ್ಷ ಅದನ್ನು ಮಾರುವವನು ಅವನು. ಕತ್ತರಿಸುವವನು ಅವನು. ಬೇಡ ಅನಿಸಿದರೆ ಕಪಾಟಿನಲ್ಲಿಟ್ಟು ಕೀಲಿ ಹಾಕುವವನೂ ಅವನೇ. ಹೊಲದಲ್ಲಿ ನಮ್ಮ ಹಿರಿಯರು ಬೆವರು ಸುರಿಸಿದರು, ಉತಾರದಲ್ಲಿ ಹೆಸರು ಬೇರೆಯವರದು. ಸಿನಿಮಾಕ್ಕೂ ಉತಾರ ಇದೆ. ಅದರಲ್ಲಿ ಹೆಸರು ಹಾಕಿಸಿಕೊಳ್ಳುವುದಕ್ಕೇ ಕಂಪನಿ ಬೇಕು ಎನ್ನುವುದು ನಮ್ಮ ವಾದ.

ಶಿವರಾಮ ಕಾರಂತರು 'ಚೋಮನ ದುಡಿ' ಬರೆದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಸ್ವರ್ಣಕಮಲ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅವರಿಗೆ ದೇಶದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದು ದೊಡ್ಡ ಸಿನಿಮಾ, ನೋಡದವರು ನೋಡಿರಿ. ಅದನ್ನು ಬೈಯುವುದು ನಮ್ಮ ಕೆಲಸವಲ್ಲ. ಆದರೆ ಚೋಮ ಅಲ್ಲಿ ಕ್ಯಾಮೆರಾದ ಮುಂದಿದ್ದ. ಕ್ಯಾಮೆರಾದ ಹಿಂದೆ ನಿಂತವನು, ಲೆಕ್ಕದ ವಹಿ ಬರೆದವನು ಚೋಮ ಅಲ್ಲ. ಆಗ ಒಂದು ಕ್ಯಾಮೆರಾದ ಬಾಡಿಗೆ, ಒಂದು ಡಬ್ಬಿ ಫಿಲ್ಮಿನ ಬೆಲೆ ಕೇಳಿದರೇ ನಮ್ಮವರು ಎದ್ದು ಹೋಗಬೇಕಿತ್ತು. ಈಗ ಆ ನೆವ ಅರ್ಧ ಉಳಿದಿದೆ, ಅರ್ಧ ಹೋಗಿದೆ.

ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಹೊರಡಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ದುಡ್ಡು ಕೊಡುತ್ತೇವೆ ಅಂದರೂ ಆ ಪತ್ರಿಕೆಯ ಜಾಹೀರಾತನ್ನು 'ಕೇಸರಿ' ಹಾಕಲಿಲ್ಲ. ಬಾಬಾಸಾಹೇಬರು ಅಲ್ಲಿಗೆ ಬಿಡಲಿಲ್ಲ, 1927ರ ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ತಂದರು. ಬೇರೆಯವರ ಪತ್ರಿಕೆಯಲ್ಲಿ ನಮ್ಮ ಸುದ್ದಿಗೆ ನಾಲ್ಕು ಸಾಲು ಜಾಗ ಕೊಡಿರಿ ಎಂದು ಬೇಡುವುದು ಒಂದು ದಾರಿ, ನಮ್ಮದೇ ಪತ್ರಿಕೆ ಮಾಡುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಚಂದಾದಾರರು ಸಾಲದೆ ಹಣದ ಕಷ್ಟ ಇದ್ದೇ ಇತ್ತು. ಆದರೂ ಅವರು ಹಿಡಿದದ್ದು ಅದನ್ನೇ.

ಈಗ ನಮ್ಮ ಸನೀಪದ ಒಂದು ಉದಾಹರಣೆ. ನಮಗೆ ಬೆಂಗಳೂರು ಐನೂರು ಕಿಲೋಮೀಟರ್ ಆಚೆ, ರಾತ್ರಿಯಿಡೀ ರೈಲಿನ ದಾರಿ. ಸೊಲ್ಲಾಪುರ ನೂರು ಕಿಲೋಮೀಟರ್. ಆ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನವರು ನಾಗರಾಜ ಮಂಜುಳೆ. ವಡ್ಡರ ಸಮುದಾಯದ ಹುಡುಗ. ಅಹಮದನಗರದಲ್ಲಿ ಓದುವಾಗ ಕೋರ್ಸಿನ ಭಾಗವಾಗಿ ಮಾಡಿದ ಕಿರುಚಿತ್ರ 'ಪಿಸ್ತುಲ್ಯಾ', 2009ರದು, ಹದಿನೈದು ನಿಮಿಷದ್ದು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ 'ಫ್ಯಾಂಡ್ರಿ'. ಅದರಲ್ಲಿ ಜಬ್ಯಾನ ಪಾತ್ರ ಮಾಡಿದ ಸೋಮನಾಥ ಅವಘಡೆ ಕೇಮ್ ಎಂಬ ಹಳ್ಳಿಯಲ್ಲಿ ಹಲಗಿ ಬಾರಿಸುತ್ತಿದ್ದ ಹುಡುಗ. 2016ರಲ್ಲಿ 'ಸೈರಾಟ್'. ಅದರ ನಾಯಕಿ ರಿಂಕು ರಾಜಗುರು ಅಕಲೂಜಿನ ಶಾಲೆಯ ಹುಡುಗಿ. ನೂರು ಕೋಟಿ ದಾಟಿದ ಮೊದಲ ಮರಾಠಿ ಸಿನಿಮಾ ಎಂದು ಪತ್ರಿಕೆಗಳು ಬರೆದವು. ಮರುವರ್ಷವೇ ಕನ್ನಡದಲ್ಲಿ 'ಮನಸು ಮಲ್ಲಿಗೆ' ಎಂದು ಬಂತು.

ಈ ಕತೆ ಇಲ್ಲಿಗೆ ನಿಲ್ಲಿಸಿದರೆ ಅದು ಒಬ್ಬ ಹುಡುಗ ದೊಡ್ಡವನಾದ ಕತೆ. ಅಂಥ ಕತೆ ಕೇಳಿ ನಮ್ಮ ಹುಡುಗರು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ನಾವು ನೋಡಬೇಕಾದ್ದು ಬೇರೆ. 'ಫ್ಯಾಂಡ್ರಿ'ಗೆ ದುಡ್ಡು ಹಾಕಿದ್ದು ಬೇರೆ ನಿರ್ಮಾಪಕರು. 'ಸೈರಾಟ್'ಗೆ ದೊಡ್ಡ ಕಂಪನಿ ಬಂತು, ಆದರೆ ಅದರ ಪಕ್ಕದಲ್ಲಿ ಮಂಜುಳೆಯವರ ಸ್ವಂತ ಕಂಪನಿ 'ಆಟಪಾಟ'ದ ಹೆಸರೂ ಇತ್ತು. ಅಂದರೆ ಉತಾರದಲ್ಲಿ ಹೆಸರು ಬಿತ್ತು. ಅದಾದ ಮೇಲೆ ಏನು ಮಾಡಿದರು? 'ಸೈರಾಟ್'ಗೆ ಕ್ಯಾಮೆರಾ ಹಿಡಿದಿದ್ದ ಸುಧಾಕರ ರೆಡ್ಡಿ ಯಕ್ಕಂಟಿಯವರನ್ನು ನಿರ್ದೇಶಕನನ್ನಾಗಿ ಮಾಡಿ 2018ರಲ್ಲಿ 'ನಾಳ' ತಂದರು. ಮಂಜುಳೆ ಅದಕ್ಕೆ ನಿರ್ಮಾಪಕರಲ್ಲಿ ಒಬ್ಬರು. ಅದಕ್ಕೆ ಹೊಸ ನಿರ್ದೇಶಕನ ಮೊದಲ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಕಂಪನಿ ಬೆಳೆಯುವುದು ಅಂದರೆ ನಮ್ಮ ಲೆಕ್ಕದಲ್ಲಿ ಇದು. ಆಫೀಸಿಗೆ ಗಾಜಿನ ಬಾಗಿಲು ಬಂತು, ಹೊಸ ಕಾರು ಬಂತು, ಅದು ಬೆಳವಣಿಗೆ ಅಲ್ಲ. ನಿನ್ನೆ ಕ್ಯಾಮೆರಾ ಹಿಡಿದವನು ಇವತ್ತು ನಿರ್ದೇಶಕನಾದನೋ ಇಲ್ಲೋ? ಲೈಟು ಹೊತ್ತವನು ನಾಳೆ ಕ್ಯಾಮೆರಾ ಹಿಡಿಯುತ್ತಾನೋ ಇಲ್ಲೋ? ಅದನ್ನು ನೋಡಬೇಕು.

ತಮಿಳಿನಲ್ಲಿ ಪಾ. ರಂಜಿತ್ ಇದೇ ಕೆಲಸವನ್ನು ಇನ್ನೂ ಹರವಾಗಿ ಮಾಡಿದರು. ತಾವು 'ಅಟ್ಟಕತ್ತಿ', 'ಮದ್ರಾಸ್', 'ಕಬಾಲಿ' ಮಾಡಿ ಹೆಸರು ಬಂದ ಮೇಲೆ ಆ ಹೆಸರನ್ನು 'ನೀಲಂ ಪ್ರೊಡಕ್ಷನ್ಸ್'ಗೆ ದಾರಿ ಮಾಡಿದರು. 2018ರ 'ಪರಿಯೇರುಂ ಪೆರುಮಾಳ್' ನೀಲಂನದು, ಅದು ಮಾರಿ ಸೆಲ್ವರಾಜರ ಮೊದಲ ಸಿನಿಮಾ. ರಂಜಿತ್ ಹತ್ತಿರ ಸಹಾಯಕನಾಗಿದ್ದ ಅದಿಯನ್ ಅದಿರೈ 2019ರಲ್ಲಿ ಅದೇ ಕಂಪನಿಯಿಂದ ನಿರ್ದೇಶಕನಾದರು. ಸಿನಿಮಾ ಅಷ್ಟೇ ಅಲ್ಲ, ಹಾಡುವ ತಂಡ, ಪುಸ್ತಕ ಪ್ರಕಾಶನ, ಸಹಾಯಕ ನಿರ್ದೇಶಕರು ಕೂತು ಓದಲಿಕ್ಕೆ 'ಕೂಗೈ' ಎಂಬ ಗ್ರಂಥಾಲಯ, ಎಲ್ಲ ಕಟ್ಟಿದರು. ಊರು ಬಿಟ್ಟು ಮದ್ರಾಸಿಗೆ ಬಂದ ಹುಡುಗ ಹಗಲು ಹೊತ್ತು ಎಲ್ಲಿ ಕೂಡಬೇಕು? ಸ್ಟುಡಿಯೋದ ಗೇಟಿನ ಮುಂದೆ ಕೂಡುವುದಕ್ಕಿಂತ ಗ್ರಂಥಾಲಯದಲ್ಲಿ ಕೂಡುವುದು ಲೇಸು. ಇದು ಸಣ್ಣ ವಿಚಾರ ಅನಿಸುತ್ತದೆ. ನಮಗೆ ಇದು ಬಹಳ ದೊಡ್ಡದು ಅನಿಸಿತು. ಮಾರಿ ಸೆಲ್ವರಾಜ್ ಆಮೇಲೆ ಹೊರಗಿನ ಕಂಪನಿಗಳಿಗೆ 'ಕರ್ಣನ್', 'ಮಾಮನ್ನನ್' ಮಾಡಿದರು. ಯಾರೂ ಅವರನ್ನು ದ್ರೋಹಿ ಅನ್ನಲಿಲ್ಲ. 2025ರಲ್ಲಿ 'ಬೈಸನ್' ಮಾಡುವಾಗ ನೀಲಂ ಮತ್ತೆ ಜೊತೆಗಿತ್ತು.

ನಮ್ಮ ಗುಂಪಿನಿಂದಲೂ ಇಬ್ಬರು ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದರು. ಒಬ್ಬ ಧಾರಾವಾಹಿಯಲ್ಲಿ ಎಡಿಟಿಂಗ್ ಮಾಡುತ್ತಾನೆ. ಅವರು ಹೋದಾಗ 'ಕೈಕೊಟ್ಟರು' ಎಂದು ಅಂದವರಿದ್ದರು. ಹೊಟ್ಟೆಪಾಡಿಗೆ ಹೋದವನಿಗೆ ಬಾಗಿಲು ತೆರೆದಿಡಬೇಕು. ಅವ ಕಲಿತು ಬಂದದ್ದು ನಮಗೂ ಬರುತ್ತದೆ. ಈಗ ಎಡಿಟಿಂಗಿನಲ್ಲಿ ಏನಾದರೂ ಕಟ್ಟಿಬಿದ್ದರೆ ನಾವು ಫೋನ್ ಮಾಡುವುದು ಅವನಿಗೇ.

ಈ ಭಾಗದಲ್ಲಿ ಸಿನಿಮಾ ಎಲ್ಲಿಂದ ಬರಬೇಕು ಎನ್ನುವವರಿಗೆ ಎರಡು ಮಾತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ', 1934ರ ಮಾರ್ಚ್ 3ಕ್ಕೆ ತೆರೆಕಂಡಿತು. ಅದರ ಶೂಟಿಂಗ್ ಆದದ್ದು ಬೆಂಗಳೂರಲ್ಲಿ ಅಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಎರಡನೆಯದು, ಅಮೀರಬಾಯಿ ಕರ್ನಾಟಕಿ. ಹುಟ್ಟಿದ್ದು ಬೀಳಗಿಯಲ್ಲಿ. ಬೀಳಗಿ ಆಗ ವಿಜಾಪುರ ಜಿಲ್ಲೆಯದೇ, 1997ರಲ್ಲಿ ಬಾಗಲಕೋಟೆಗೆ ಹೋಯಿತು. ಹಾಡು-ನಾಟಕದ ಮನೆತನದ ಹೆಣ್ಣುಮಗಳು, ಮುಂಬಯಿಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹಾಡಿದರು, ನಟಿಸಿದರು. 1943ರ 'ಕಿಸ್ಮತ್'ನಲ್ಲಿ ಅವರು ಹಾಡಿದ ಹಾಡುಗಳು ದೇಶದ ತುಂಬ ಕೇಳಿದವು. 1948ರ 'ಶಹನಾಜ್'ಗೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಆಗ ಹೆಣ್ಣುಮಗಳು ಸಂಗೀತ ನಿರ್ದೇಶಕಿ ಅಂದರೆ ಕೈಬೆರಳಲ್ಲಿ ಎಣಿಸುವಷ್ಟು. ಇದೇ ಊರಲ್ಲಿ ಅವರ ಹೆಸರಿನ 'ಅಮೀರ್ ಟಾಕೀಸ್' ಎದ್ದಿತು. ನಾವೆಲ್ಲ ಅದರ ಮುಂದೆ ಎಷ್ಟೋ ಸಲ ಹಾದು ಹೋಗಿದ್ದೇವೆ. ಯಾರ ಹೆಸರು ಅಂತ ಕೇಳಲಿಲ್ಲ. ರಹಮತ್ ತರೀಕೆರೆಯವರು ಅವರ ಮೇಲೆ ಪುಸ್ತಕ ಬರೆದಿದ್ದಾರೆ, ತಂದು ಓದಿರಿ. ಹಾಡುವವಳು ಟಾಕೀಸಿನ ಒಡತಿಯಾದಳು ಎಂಬುದರ ಅರ್ಥ ಏನು? ಟಿಕೀಟಿನ ಗಲ್ಲಾಪೆಟ್ಟಿಗೆ ಯಾರ ಕೈಯಲ್ಲಿದೆ ಎಂಬುದನ್ನು ಆ ತಾಯಿ ತಿಳಿದಿದ್ದಳು.

ಇನ್ನು ದುಡ್ಡು.

1976ರ 'ಮಂಥನ್' ಸಿನಿಮಾಕ್ಕೆ ಗುಜರಾತಿನ 5 ಲಕ್ಷ ಹೈನುಗಾರ ರೈತರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷ ಆಯಿತು, ಶ್ಯಾಮ್ ಬೆನಗಲ್ ಸಿನಿಮಾ ಮಾಡಿದರು. ಆದರೆ ಅಲ್ಲಿ ಹಾಲಿನ ಸಂಘಗಳು ಮೊದಲೇ ಇದ್ದವು. ಹಾಲಿನ ಬಿಲ್ಲಿನಲ್ಲಿ 2 ರೂಪಾಯಿ ಬಿಡುವುದು ಸುಲಭ. ಕನ್ನಡದಲ್ಲಿ ಪವನ್ ಕುಮಾರ್ 'ಲೂಸಿಯಾ'ಕ್ಕೆ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ಕೂಡಿಸಿದರು, 2013ರಲ್ಲಿ ಬಿಡುಗಡೆ ಆಯಿತು. ತೇಜಸ್ವಿಯವರ ಓದುಗರು ನೂರು ಜನ ಸೇರಿ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ತಂದರು. ಇವು ಒಳ್ಳೆಯ ದಾರಿಗಳು. ಆದರೆ ಲಕ್ಷ ರೂಪಾಯಿ ತೆಗೆದು ಕೊಡುವ ಗೆಳೆಯರು ಅವರಿಗಿದ್ದರು. ನಮ್ಮ ಗೆಳೆಯರು ಯಾರು? ನೀವು. ಸ್ಕಾಲರ್‌ಶಿಪ್ ಯಾವಾಗ ಬರುತ್ತದೆ ಎಂದು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಹಚ್ಚಿಸಿಕೊಂಡು ಬರುವವರು.

ನಮಗೆ ಹತ್ತಿರ ಅನಿಸುವುದು ಕೇರಳದ ಒಡೆಸ್ಸಾ. 1984ರಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಕಟ್ಟಿದ ಗುಂಪು. ಹಳ್ಳಿಹಳ್ಳಿಗೆ ಪ್ರೊಜೆಕ್ಟರ್ ಹೊತ್ತು ಹೋದರು, ಚಾಪ್ಲಿನ್ನನ 'ದಿ ಕಿಡ್' ತೋರಿಸಿದರು, ಜನರ ಮುಂದೆ ಕೈಯೊಡ್ಡಿದರು. ಆ ಚಿಲ್ಲರೆಯಿಂದ 1986ರಲ್ಲಿ 'ಅಮ್ಮ ಅರಿಯಾನ್' ಆಯಿತು. ಮರುವರ್ಷ ಜಾನ್ ತೀರಿಕೊಂಡರು. ಒಬ್ಬನ ಹೆಗಲ ಮೇಲೆ ನಿಂತ ಗುಂಪಿಗೆ ಅದು ಎಂಥ ಪೆಟ್ಟು ಎಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ನಮ್ಮ ಗುಂಪಿನಲ್ಲಿ 'ಗುರುಗಳು' ಅಂತ ಯಾರನ್ನೂ ಮಾಡಿಕೊಂಡಿಲ್ಲ.

ನಮ್ಮ ಪದ್ಧತಿ ಹೇಳುತ್ತೇವೆ. ಹತ್ತು ಜನ ತಿಂಗಳಿಗೆ 200 ರೂಪಾಯಿ ಹಾಕಿದರೆ ವರ್ಷಕ್ಕೆ 24,000. ಅದರಿಂದ ಸಿನಿಮಾ ಆಗುವುದಿಲ್ಲ, ಒಂದು ಒಳ್ಳೆ ಮೈಕು ಬರುತ್ತದೆ, ಹಾರ್ಡ್ ಡಿಸ್ಕ್ ಬರುತ್ತದೆ. ಹಂಗೇ ತಗೊಂಡೆವು. ಎಪ್ರಿಲ್-ಮೇ ತಿಂಗಳಲ್ಲಿ ಮದುವಿ ಶೂಟಿಂಗ್, ಜಯಂತಿ ಕಾರ್ಯಕ್ರಮ, ಕಾಲೇಜಿನ ಗ್ಯಾದರಿಂಗ್, ಯಾವ ಕೆಲಸ ಬಂದರೂ ಮಾಡುತ್ತೇವೆ. ಕೆಲವರು 'ಕಲಾವಿದರಾಗಿ ಮದುವಿ ವಿಡಿಯೋ ಮಾಡ್ತೀರೇನು' ಎಂದು ಮೂಗು ಮುರಿಯುತ್ತಾರೆ. ಮಾಡ್ತೀವಿ. ಮದುವೆಯಲ್ಲಿ ಎರಡನೇ ಸಲ ತಾಳಿ ಕಟ್ಟಿಸಲಿಕ್ಕೆ ಬರುವುದಿಲ್ಲ. ಒಂದೇ ಸಲಕ್ಕೆ ಸರಿಯಾಗಿ ಹಿಡಿಯುವುದನ್ನು ಅಲ್ಲೇ ಕಲಿತದ್ದು. ಬಂದದ್ದರಲ್ಲಿ ದುಡಿದವರ ಪಗಾರ ತೆಗೆದು ಉಳಿದದ್ದರ ಅರ್ಧ ಗುಂಪಿಗೆ. ತಿಂಗಳ ಮೊದಲ ಭಾನುವಾರ ಲೆಕ್ಕ ಗಟ್ಟಿಯಾಗಿ ಓದುತ್ತೇವೆ. ಚಹಾದ ಖರ್ಚೂ ಓದುತ್ತೇವೆ. ಗುಂಪುಗಳು ತತ್ವದ ಮೇಲೆ ಒಡೆಯುವುದು ಕಡಿಮೆ, ಚಹಾದ ಲೆಕ್ಕದ ಮೇಲೆ ಒಡೆಯುವುದು ಬಹಳ.

ಕಾಗದಪತ್ರ ಮೊದಲ ದಿನವೇ ಮಾಡಿರಿ. ಗೆಳೆತನ ಇದೆಯಲ್ಲ, ಕಾಗದ ಯಾಕೆ ಎನ್ನಬೇಡಿರಿ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ, ಬೇರೆ ಕರಾರು ಇಲ್ಲದಿದ್ದರೆ ಲಾಭ-ನಷ್ಟ ಎಲ್ಲ ಪಾಲುದಾರರಿಗೂ ಸಮ. ಕೇಳಲಿಕ್ಕೆ ಚಂದ. ಆದರೆ ಸಾಲ ಆದರೆ ಒಬ್ಬೊಬ್ಬನೂ ಪೂರ್ತಿ ಸಾಲಕ್ಕೆ ಹೊಣೆ, ಮನೆಯ ತನಕ ಬರುತ್ತದೆ. ನಮ್ಮಂಥವರಿಗೆ ಇರುವುದೇ ಒಂದು ಜನತಾ ಮನೆ. 2008ರ ಕಾಯ್ದೆಯ ಸೀಮಿತ ಹೊಣೆಯ ಪಾಲುದಾರಿಕೆಯಲ್ಲಿ ಹೊಣೆ ಹಾಕಿದ ಬಂಡವಾಳಕ್ಕೆ ನಿಲ್ಲುತ್ತದೆ, ಆದರೆ ಪ್ರತಿ ವರ್ಷ ಲೆಕ್ಕ ಸಲ್ಲಿಸುವ ಖರ್ಚಿದೆ. ಸಹಕಾರಿ ಸಂಘದ ದಾರಿಯೂ ಇದೆ. ಯಾವುದು ಹಿಡಿದರೂ ಒಂದು ಸಾಲು ಮರೆಯದೆ ಬರೆಸಿರಿ: ಗುಂಪು ಮಾಡಿದ ಸಿನಿಮಾದ ಹಕ್ಕು ಗುಂಪಿನದು, ಬಿಟ್ಟು ಹೋದವರಿಗೂ ಅವರು ದುಡಿದ ಸಿನಿಮಾದಲ್ಲಿ ಪಾಲು ಇರುತ್ತದೆ.

ಸರ್ಕಾರದ ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದಲ್ಲಿ ಕನ್ನಡ ಸಿನಿಮಾಕ್ಕೆ ಸಹಾಯಧನ ಇದೆ. ಆದರೆ ಅದು ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲೆ, ಕಮಿಟಿ ನೋಡಿ ಒಪ್ಪಿದ ಮೇಲೆ, ಕೈಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಮೊದಲೇ ದುಡ್ಡಿದ್ದವನಿಗೆ ಅದು ಲಾಭ, ಇಲ್ಲದವನಿಗೆ ಗೋಡೆ ಮೇಲಿನ ರೊಟ್ಟಿಯ ಚಿತ್ರ. ಕೇರಳ ಸರ್ಕಾರ ಬೇರೆ ಥರ ಮಾಡಿತು. ಪರಿಶಿಷ್ಟ ಜಾತಿ-ಪಂಗಡದ ನಿರ್ದೇಶಕರಿಗೆ ಮತ್ತು ಮಹಿಳಾ ನಿರ್ದೇಶಕರಿಗೆ ಒಂದು ಸಿನಿಮಾಕ್ಕೆ ಒಂದೂವರೆ ಕೋಟಿ ತನಕ ತಾನೇ ಹಾಕಿತು. 2025ರ ಆಗಸ್ಟಿನಲ್ಲಿ ತಿರುವನಂತಪುರದ ಸಿನಿಮಾ ಸಮಾವೇಶದಲ್ಲಿ ಹಿರಿಯ ನಿರ್ದೇಶಕ ಅಡೂರು ಗೋಪಾಲಕೃಷ್ಣನ್ ಎದ್ದು, ಇಷ್ಟು ದುಡ್ಡು ಬೇಡ, 50 ಲಕ್ಷಕ್ಕೆ ಇಳಿಸಿರಿ, ಮೊದಲು ಅವರಿಗೆ ಮೂರು ತಿಂಗಳು ತರಬೇತಿ ಕೊಡಿರಿ ಎಂದರು. ಸಭೆಯಲ್ಲಿದ್ದ ಗಾಯಕಿ ಪುಷ್ಪವತಿ ಅಲ್ಲೇ ಎದ್ದು ನಿಂತು ವಿರೋಧಿಸಿದರು. ಅಡೂರರ ಸಿನಿಮಾಗಳ ಮೇಲೆ ನಮಗೆ ಗೌರವ ಇದೆ. ತರಬೇತಿ ಬೇಡ ಎಂದು ನಾವು ಯಾವತ್ತೂ ಅಂದಿಲ್ಲ, ಬೇಕೇ ಬೇಕು. ಕೇಳುವುದಿಷ್ಟೇ: ಅಪ್ಪನ ದುಡ್ಡು ತಂದು ಮೊದಲ ಸಿನಿಮಾ ಮಾಡಿ ಮುಳುಗಿಸುವ ಹುಡುಗರು ಪ್ರತಿ ಶುಕ್ರವಾರ ಬರುತ್ತಾರಲ್ಲ, ಅವರಿಗೆ ಮೂರು ತಿಂಗಳ ತರಬೇತಿ ಯಾವ ಸಭೆಯಲ್ಲಿ ಯಾರು ಕೇಳಿದ್ದಾರೆ? ಮುಳುಗಿಸುವ ಅವಕಾಶವೂ ಅವರಿಗೇ ಮೀಸಲು.

ಈಗ ಗುಂಪಿನ ಒಳಗಿನ ಮಾತು. ಶೂಟಿಂಗ್ ನೋಡಲಿಕ್ಕೆ ಹೋದರೆ ಕ್ಯಾಮೆರಾ ನೋಡಬೇಡಿರಿ, ಊಟದ ಸಾಲು ನೋಡಿರಿ. ದೊಡ್ಡ ಯೂನಿಟ್ಟುಗಳಲ್ಲಿ ನಾಯಕನ ಊಟ ಬೇರೆ, ಟೆಕ್ನೀಷಿಯನ್ನರದು ಬೇರೆ, ಲೈಟ್ ಹೊರುವವರದು ಬೇರೆ. ಇದು ನಮಗೆ ಗೊತ್ತಿರುವ ಪದ್ಧತಿಯೇ, ಹೊಸ ಬಟ್ಟೆ ಹಾಕಿಕೊಂಡು ಬಂದಿದೆ. ನಮ್ಮಲ್ಲಿ ಒಂದೇ ಪಾತೇಲಿ, ಲೈಟು ಹೊತ್ತವರು ಮೊದಲು ಉಣ್ಣಬೇಕು. ತಟ್ಟೆ ತೊಳೆಯುವ ಪಾಳಿ ನಿರ್ದೇಶಕನಿಗೂ ಬರುತ್ತದೆ. ಹಲಗಿ ಬಾರಿಸಲಿಕ್ಕೆ ಬಂದ ಹಿರಿಯರ ಹೆಸರು ಟೈಟಲಿನಲ್ಲಿ ಸಂಗೀತಗಾರರ ಸಾಲಿನಲ್ಲಿ ಬರುತ್ತದೆ, 'ಸಹಕಾರ'ದ ಸಾಲಿನಲ್ಲಿ ಅಲ್ಲ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಅದೇ ದಿನ ಸಂಜೆ. 'ನಮ್ಮವರೇ ಅಲ್ಲವಾ, ಆಮೇಲೆ ಕೊಟ್ಟರಾಯಿತು' ಎಂಬ ಮಾತಿನಷ್ಟು ಅಗ್ಗದ ಮಾತು ಇನ್ನೊಂದಿಲ್ಲ.

ಹುಡುಗಿಯರ ವಿಷಯ. ಗುಂಪಿನಲ್ಲಿ ಹುಡುಗಿಯರು ಇಲ್ಲ ಎಂದು ಹುಡುಗರು ದೂರುತ್ತಾರೆ. ಹಾಸ್ಟೆಲಿನ ಗೇಟು ಸಂಜೆಗೆ ಮುಚ್ಚುತ್ತದೆ, ನಿಮ್ಮ ಮೀಟಿಂಗು ರಾತ್ರಿ ಒಂಬತ್ತಕ್ಕೆ, ಹೆಂಗ ಬರ್ತಾರ? ನಾವು ಮೀಟಿಂಗನ್ನು ಮಧ್ಯಾಹ್ನಕ್ಕೆ ತಂದೆವು, ಬಬಲೇಶ್ವರದಿಂದ ಇಬ್ಬರು, ನಗರದಿಂದ ಮೂವರು ಬಂದರು. ಹತ್ತು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲಿಕ್ಕೆ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಕೇರಳದ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂದಾಗ ಚಿತ್ರರಂಗದ ಒಳಗೆ ಹೆಣ್ಣುಮಕ್ಕಳ ಪಾಡು ಏನೆಂದು ಎಲ್ಲರಿಗೂ ತಿಳಿಯಿತು. ನಾವು ಹತ್ತು ಜನ ಆಗುವ ಮುಂಚೆಯೇ ಸಮಿತಿ ಮಾಡಿದ್ದೇವೆ. ಅದರಲ್ಲಿ ಹೊರಗಿನ ಒಬ್ಬ ಅಕ್ಕ ಇದ್ದಾರೆ. ಆ ಅಕ್ಕನ ಫೋನ್ ನಂಬರು ಎಲ್ಲರ ಹತ್ತಿರ ಇದೆ. ಈ ಒಂದು ಮಾತಿನಲ್ಲಿ ರಾಜಿ ಇಲ್ಲ.

ಭಾಷೆಯ ಮಾತು ಹೇಳಿ ಮುಂದೆ ಹೋಗುತ್ತೇವೆ. ಬೆಂಗಳೂರಿನ ಸಿನಿಮಾದಲ್ಲಿ ನಮ್ಮ ಮಾತು ಬರುವುದು ನಗಿಸಲಿಕ್ಕೆ. ಯಾರೋ 'ಹೋಗೂದು ಬರೂದು' ಎಂದು ನಾಲಗೆ ಎಳೆದರೆ ಥಿಯೇಟರು ನಗುತ್ತದೆ. ನಮ್ಮವ್ವ ಸಾವಿನ ಮನೆಯಲ್ಲಿ ಅಳುವುದೂ ಇದೇ ಮಾತಿನಲ್ಲಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದ 'ಶಿವಮ್ಮ' 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ತಗೊಂಡಿತು. ಊರಿನ ಜನರೇ ನಟಿಸಿ, ಊರಿನ ಮಾತೇ ಆಡಿದರು. ಕೊರಿಯಾದವರಿಗೆ ಆ ಮಾತು ಕೇಳಿ ನಗು ಬರಲಿಲ್ಲ. ಅದಕ್ಕೇ ಮೊದಲ ದುಡ್ಡು ಮೈಕಿಗೆ ಎನ್ನುತ್ತೇವೆ. ಧ್ವನಿಯನ್ನು ಜಾಗದಲ್ಲೇ ಹಿಡಿಯಬೇಕು. ಇಲ್ಲದಿದ್ದರೆ ಬಬಲೇಶ್ವರದ ಮುದುಕಿಯ ಬಾಯಿಗೆ ಡಬ್ಬಿಂಗ್ ಖೋಲಿಯಲ್ಲಿ ಇನ್ನೊಬ್ಬರ ನಾಲಗೆ ಹಚ್ಚುತ್ತಾರೆ.

ಈಗ ನಮ್ಮ ಪ್ರಶ್ನೆ.

ನಾವು ತೆಗೆಯುತ್ತಿರುವ ಚಿತ್ರ ನಲವತ್ತು ನಿಮಿಷದ್ದು. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ದುಡಿಯುವ ತಾಯಿ, ಮಗಳ ಕತೆ. ದ್ರಾಕ್ಷಿ ಕೆಲಸ ನಿಮಗೆ ಗೊತ್ತು. ಅಕ್ಟೋಬರಿನಲ್ಲಿ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವುದು. ಫೆಬ್ರುವರಿಯಿಂದ ಗೊನೆ ಇಳಿಸಿ, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸುವುದು. ಕಸ ತೆಗೆದು ಆರಿಸುವವರೆಲ್ಲ ಹೆಣ್ಣಾಳುಗಳು. ಚಾಟ್ನಿಯ ಭಾಗ ತೆಗೆದಿದ್ದೇವೆ. ಶೆಡ್ಡಿನ ಭಾಗ ಉಳಿದಿದೆ. ಅದರಲ್ಲಿ ಒಂದು ದೃಶ್ಯ ಇದೆ: ಆ ತಾಯಿಗೆ ಚಹಾ ಕೊಡುವ ಕಪ್ಪು ಬೇರೆ, ಅದನ್ನು ಶೆಡ್ಡಿನ ತಗಡಿನ ಸಂದಿಯಲ್ಲಿ ಸಿಗಿಸಿ ಇಟ್ಟಿರುತ್ತಾರೆ. ಮಗಳು ಅದನ್ನು ತೆಗೆದು ನೋಡುತ್ತಾಳೆ. ಅಷ್ಟೇ, ಒಂದು ಮಾತೂ ಇಲ್ಲ.

ಉಳಿದ ಖರ್ಚೆಲ್ಲ ತಾನು ಕೊಡುತ್ತೇನೆ, ಶೆಡ್ಡೂ ತನ್ನದೇ ಬಳಸಿರಿ ಎಂದು ಒಬ್ಬ ದೊಡ್ಡ ತೋಟದವರು ಮುಂದೆ ಬಂದರು. ಮಾತು ಮೆತ್ತಗಿನವರು. ಚಹಾ ಕುಡಿಸಿದರು, ಎಲ್ಲರಿಗೂ ಒಂದೇ ಥರದ ಕಪ್ಪಿನಲ್ಲಿ. ಆಮೇಲೆ ಅಂದರು, 'ಅದೊಂದು ಕಪ್ಪಿನ ಸೀನ್ ತಗದು ಬಿಡ್ರಿ ತಮ್ಮಾ. ಈಗೆಲ್ಲಿ ಐತಿ ಅದು? ಸುಮ್ಮನ ಊರಿಗೆ ಕೆಟ್ಟ ಹೆಸರು.' ಎರಡನೇ ಮಾತು, ನಿರ್ಮಾಪಕ ಎಂದು ತಮ್ಮ ಮಗನ ಹೆಸರು ಹಾಕಬೇಕು. ಮೊದಲನೇ ಮಾತಿಗೆ ನಮ್ಮ ಹುಡುಗರಿಗೆಲ್ಲ ಸಿಟ್ಟು ಬಂತು. ಎರಡನೆಯದು ಅದಕ್ಕಿಂತ ದೊಡ್ಡದು ಎಂದು ಹುಡುಗಿಯರು ಹೇಳಿದರು. ಹಕ್ಕು ಕೊಟ್ಟ ಮೇಲೆ ಕಪ್ಪಿನ ದೃಶ್ಯ ನಾವು ಇಟ್ಟರೂ ಅವರು ತೆಗೆಯಬಹುದಲ್ಲ! ಅದು ಖರೆ.

ಒಪ್ಪಲಿಲ್ಲ. ಆದರೆ ಗುಂಪಿನಲ್ಲಿ ಇಬ್ಬರು ಈಗಲೂ ಒಪ್ಪೋಣ ಎನ್ನುತ್ತಾರೆ, ಅವರನ್ನು ನಾವು ಹೇಡಿಗಳು ಎನ್ನುವುದಿಲ್ಲ. ಅವರ ವಾದದಲ್ಲಿ ಹುರುಳಿದೆ. ಒಣದ್ರಾಕ್ಷಿಯ ಕಾಲ ಎಪ್ರಿಲಿಗೆ ಮುಗಿಯುತ್ತದೆ. ಈ ಸಲ ತಪ್ಪಿದರೆ ಮತ್ತೊಂದು ವರ್ಷ. ಮಗಳ ಪಾತ್ರ ಮಾಡುವ ಹುಡುಗಿ ಜೂನಿನಲ್ಲಿ ನರ್ಸಿಂಗ್ ಓದಲಿಕ್ಕೆ ಬೇರೆ ಊರಿಗೆ ಹೋಗುತ್ತಾಳೆ, ಅವಳ ಓದು ನಮ್ಮ ಸಿನಿಮಾಕ್ಕಿಂತ ದೊಡ್ಡದು. ಅರ್ಧ ಸಿನಿಮಾ ಯಾರಿಗೂ ಏನೂ ಹೇಳುವುದಿಲ್ಲ. ಕಪ್ಪಿಲ್ಲದ ಪೂರ್ತಿ ಸಿನಿಮಾ ಲೇಸೋ, ಕಪ್ಪಿರುವ ಅರ್ಧ ಸಿನಿಮಾ ಲೇಸೋ ಎಂದು ಅವರು ಕೇಳುತ್ತಾರೆ.

ನಮ್ಮ ಉತ್ತರ, ಕಪ್ಪಿರುವ ಪೂರ್ತಿ ಸಿನಿಮಾ. ಎರಡು ಎಕರೆ ತೋಟದ ಒಬ್ಬ ಸಣ್ಣ ರೈತರು ಸಂಜೆ ಐದರ ಮೇಲೆ ಶೆಡ್ಡು ಬಿಟ್ಟುಕೊಡುತ್ತೇನೆ ಎಂದಿದ್ದಾರೆ. ಅವರ ಮೇಲೆ ಒತ್ತಡ ಬರುವ ಮುಂಚೆ ಮುಗಿಸಬೇಕು. ನಾಲ್ಕು ಸಂಜೆ ಸಾಕು. ಬೇಕಾದ್ದು ಲೈಟಿನ ಬಾಡಿಗೆ, ಊಟ, ಹನ್ನೆರಡು ಹೆಣ್ಣಾಳುಗಳ ನಾಲ್ಕು ದಿನದ ಕೂಲಿ, ಆಮೇಲೆ ಸೆನ್ಸಾರಿನ ಶುಲ್ಕ. ಕಿರುಚಿತ್ರವಾದರೂ ಸಾರ್ವಜನಿಕವಾಗಿ ತೋರಿಸಲಿಕ್ಕೆ ಸರ್ಟಿಫಿಕೇಟು ಬೇಕು. ಇಲ್ಲದಿದ್ದರೆ ಮೊದಲ ಪ್ರದರ್ಶನದಲ್ಲೇ ಯಾರೋ ಅರ್ಜಿ ಕೊಟ್ಟು ಪರದೆ ಇಳಿಸುತ್ತಾರೆ. ಮೊದಲ ಪ್ರದರ್ಶನ ಆ ಹೆಣ್ಣಾಳುಗಳ ಓಣಿಯಲ್ಲಿ, ಎರಡನೆಯದು ಬಬಲೇಶ್ವರದಲ್ಲಿ, ಮೂರನೆಯದು ಇಲ್ಲಿ ಕಂದಗಲ್ಲ ಹನುಮಂತರಾಯ ರಂಗಮಂದಿರದಲ್ಲಿ ಮಾಡುವ ಆಸೆ ಇದೆ. ಬಾಡಿಗೆ ಹೊಂದಿಸಬೇಕು.

ನಿಮ್ಮಲ್ಲಿ ದುಡ್ಡು ಇದ್ದವರು 50 ರೂಪಾಯಿ ಕೊಡಿರಿ, ರಸೀದಿ ಕೊಡುತ್ತೇವೆ. ಇಲ್ಲದವರು ಒಂದು ಸಂಜೆ ಕೊಡಿರಿ. ತಿಕೋಟಾದಲ್ಲಿ ಲೈಟು ಹೊರಲಿಕ್ಕೆ ಆರು ಜನ, ಅಡಿಗೆಗೆ ಮೂರು ಜನ, ಮೈಕು ಹಿಡಿಯಲಿಕ್ಕೆ ಇಬ್ಬರು ಬೇಕು. ಮೈಕಿನ ಕೆಲಸ ಹುಡುಗಿಯರು ಕೇಳಿದರೆ ಅವರಿಗೆ ಮೊದಲು. ಕೊನೆಯ ಬಸ್ಸು ತಪ್ಪಿದರೆ ಉಳಿಯಲಿಕ್ಕೆ ಎರಡು ಮನೆ ಗೊತ್ತು ಮಾಡಿದ್ದೇವೆ. ಪರೀಕ್ಷೆ ಇದ್ದವರು ಬರಬೇಡಿರಿ. ಒಪ್ಪದ ಇಬ್ಬರು ಗೆಳೆಯರೂ ಇಲ್ಲೇ ಹಿಂದೆ ಕೂತಿದ್ದಾರೆ, ಅವರ ವಾದವನ್ನೂ ಈಗ ಕೇಳಿರಿ. ಬಾಗಿಲ ಹತ್ತಿರ ವಹಿ ಇಟ್ಟಿದೆ. ಹೆಸರು ಬರೆಯುವ ಪುಟ ಎರಡನೆಯದು. ಮೊದಲ ಪುಟದಲ್ಲಿ ಇವತ್ತಿನ ತನಕದ ಲೆಕ್ಕ ಇದೆ, ಅದನ್ನು ಓದಿ ಆಮೇಲೆ ಬರೆಯಿರಿ.